ಆ ಪುಟ ಹೊರಗೆ ಹೋಗಿರಲಿಲ್ಲ

ವಿನಯಾ, ನಿನ್ನ ಅಣ್ಣನಿಗಾಗಿ ನೀನು ಮಾಡಿದ ವೆಬ್ ಪುಟವನ್ನು ಹೊರಗಿನವರು ಯಾರೂ ನೋಡಲಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಕೋಡಂಬಾಕ್ಕಂನ ಆ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸು ನಿನಗೆ ನೆನಪಿರಬಹುದು. ನಾನು ಹಾಸನದಿಂದ ಬಂದು ಅಲ್ಲಿ ಮೇಷ್ಟ್ರಾಗಿದ್ದೆ. ನೀನು ಕೆಳಗಿನ ಬೀದಿಯ ಉಡುಪಿ ಹೋಟೆಲಿನವರ ಮಗಳು. ಕನ್ನಡ ಮಾತಾಡುವ ಮೇಷ್ಟ್ರು ಸಿಕ್ಕರೆಂದು ನಿನಗೆ ನನ್ನ ಮೇಲೆ ಕೊಂಚ ಹೆಚ್ಚೇ ನಂಬಿಕೆ. ನೀನು ಸೇರಿದ ತಿಂಗಳೇ ನಿನ್ನ ಅಣ್ಣ ಸುಧಾಕರ ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟಿದ್ದ.

ಹೊಸಬರಿಗೆ ನಾವು ಮೊದಲು ಕಲಿಸುತ್ತಿದ್ದದ್ದು ತಮ್ಮ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ವೆಬ್ ಸರ್ವರ್ ಹಾಕಿಕೊಳ್ಳುವುದನ್ನು. ಲೋಕಲ್‌ಹೋಸ್ಟ್ ಎಂದು ಟೈಪ್ ಮಾಡಿದರೆ ತಾವು ಬರೆದ ಪುಟ ಥೇಟ್ ಇಂಟರ್ನೆಟ್ಟಿನಲ್ಲಿ ಬಂದ ಹಾಗೆಯೇ ತೆರೆದುಕೊಳ್ಳುತ್ತಿತ್ತು. ಆದರೆ ಆ ಒಂದು ಪೆಟ್ಟಿಗೆ ಬಿಟ್ಟು ಅದು ಹೊರಗೆ ಹೋಗುವುದಿಲ್ಲ. ಹುರುಪು ಬರಲೆಂದು ಎಲ್ಲ ಹೊಸಬರಿಗೂ ಹೇಳುವ ಮಾತೊಂದಿತ್ತು, ನಿನಗೂ ಹೇಳಿದೆ: “ನೋಡಮ್ಮ, ನಿನ್ನ ಪೇಜ್ ಲೈವ್ ಆಯ್ತು!”

ನೀನು ಅದರಲ್ಲಿ ಹಾಕಿದ್ದು ಅಣ್ಣನ ಹೆಸರು, ಫೋಟೋ, ಹೋಟೆಲಿನ ಫೋನ್ ನಂಬರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಕನ್ನಡ ಸಾಲು — ಅಮ್ಮ ಊಟ ಮಾಡ್ತಾ ಇಲ್ಲ, ಒಮ್ಮೆ ಫೋನ್ ಮಾಡು. “ಅಣ್ಣ ಎಲ್ಲಿದ್ರೂ ಇದನ್ನು ನೋಡ್ಲಿಕ್ಕೆ ಆಗ್ತದಾ ಸರ್?” ಎಂದು ನೀನು ಕೇಳಿದೆ. ನಾನು — ಅದೇನು ಅವಸರವೋ, ಪಕ್ಕದವರ ಪರದೆಯತ್ತ ಬಾಗುತ್ತಾ — “ಹ್ಞೂಂ, ಹ್ಞೂಂ” ಅಂದುಬಿಟ್ಟೆ.

ಮಾರನೆಯ ದಿನ ತಿದ್ದಬಹುದಿತ್ತು. ಆದರೆ ನಿನಗಿಂತ ಮೊದಲೇ ನಿನ್ನ ತಂದೆ ಮೆಟ್ಟಿಲು ಹತ್ತಿ ಬಂದು, ಬಿಸಿ ಗೋಳಿಬಜೆಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು ಕೈ ಮುಗಿದರು. “ಪೇಪರಿಗೆ ಕೊಡುವಾ ಅಂತ ಇದ್ದೆ ಮಾಸ್ಟ್ರೇ. ಇವಳು ಬೇಡ ಹೇಳ್ತಾಳೆ. ಪೇಪರು ಒಂದು ದಿನಕ್ಕೆ, ಇದು ಯಾವಾಗ್ಲೂ ಇರ್ತದಂತೆ. ನೀವು ಹೇಳಿದ ಮೇಲೆ ಮುಗೀತು.” ಅವರು ಹೋದ ಮೇಲೆ ನಾನು ಗೋಳಿಬಜೆ ತಿಂದೆ.

ಗುಟ್ಟಾಗಿ ಸರಿಪಡಿಸೋಣ ಎಂದುಕೊಂಡೆ. ಇಂಟರ್ನೆಟ್ ಇದ್ದದ್ದು ಮಾಲೀಕರ ಕೋಣೆಯ ಕಂಪ್ಯೂಟರಿಗೆ ಮಾತ್ರ. ಫ್ಲಾಪಿಯಲ್ಲಿ ಪುಟವನ್ನು ಒಯ್ದು, ಪುಕ್ಕಟೆ ಜಾಗ ಕೊಡುವ ಯಾವುದಾದರೂ ಸೈಟಿಗೆ ಏರಿಸಿದ್ದರೆ ಆಗುತ್ತಿತ್ತು. ಅವರನ್ನು ಕೇಳಲು ಸಂಕೋಚ. ಕೇಳಿದರೆ ಯಾಕೆ ಎನ್ನುತ್ತಾರೆ. ನಾಳೆ, ನಾಡಿದ್ದು... ಇಷ್ಟೇ, ವಿನಯಾ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದೀತೆಂದು ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ.

ಅಷ್ಟರಲ್ಲಿ ನೀನು ಕೌಂಟರ್ ಬರೆಯಲು ಕಲಿತೆ — ಪುಟ ತೆರೆದಾಗಲೆಲ್ಲ ಅಂಕಿ ಏರುವಂಥದ್ದು. ನೀನು ತೆರೆದರೂ ಏರುತ್ತಿತ್ತು, ಅದೇ ಕಂಪ್ಯೂಟರಿನಲ್ಲಿ ಕೂತ ಬೇರೆ ಬ್ಯಾಚಿನವರು ತೆರೆದರೂ ಏರುತ್ತಿತ್ತು. “ಎಷ್ಟು ಜನ ನೋಡಿದ್ದಾರೆ ಸರ್!” ಎಂದು ನೀನು ಹಿಗ್ಗುತ್ತಿದ್ದೆ. ಹೋಟೆಲಿನ ಒಳಗಡೆ ಫೋನು ಹೊಡೆದುಕೊಂಡಾಗಲೆಲ್ಲ ನಿನ್ನ ತಂದೆ ಗಲ್ಲಾ ಬಿಟ್ಟು ಓಡುತ್ತಿದ್ದರು. ಅಲ್ಲೇ ಕಾಫಿ ಕುಡಿಯುತ್ತಾ ಕೂತು ನೋಡಿದ್ದೇನೆ.

ಕೊನೆಗೆ ಬಂದದ್ದು ಸುಧಾಕರನ ಬ್ಯಾಗು. ಮಧುರೈಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದನಂತೆ. ಕಾಮಾಲೆಯನ್ನು ಅಲಕ್ಷ್ಯ ಮಾಡಿ ಹೋಗಿಬಿಟ್ಟ. ಬ್ಯಾಗು ತಂದ ರೂಮಿನ ಗೆಳೆಯ ತಮಿಳಿನಲ್ಲಿ, “ಡೈಲಿ ನೆಟ್‌ಲ ಅವನ್ ಪೇರ್ ಪೋಟ್ಟು ತೇಡುವಾನ್ ಅಕ್ಕಾ” ಎಂದ. ಮನೆಯವರು ಏನಾದರೂ ಹಾಕಿದ್ದಾರೋ ಎಂದು ದಿನಾ ತನ್ನ ಹೆಸರನ್ನೇ ಹುಡುಕುತ್ತಿದ್ದನಂತೆ.

ನೀನು ಅಳಲಿಲ್ಲ. “ಹಾಗಾದ್ರೆ ನೋಡಿದ್ದಾನೆ,” ಅಂದೆ. “ನೋಡಿಯೂ ಬರ್ಲಿಲ್ಲ.” ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ.

ಮೊನ್ನೆ ಮೈಲಾಪೂರಿನಲ್ಲಿ ಮಗಳೊಂದಿಗೆ ನೀನು ಸಿಕ್ಕೆ. ಮನೆಯಲ್ಲಿ ಅಪ್ಪ ಅಮ್ಮನ ಫೋಟೋ ಉಂಟು, ಅವನದಿಲ್ಲ ಎಂದು ನೀನೇ ಹೇಳಿದೆ. “ಅಮ್ಮ ಉಪವಾಸ ಇದ್ದದ್ದು ಗೊತ್ತಿದ್ದೂ ಬಾರದವನ ಫೋಟೋ ಎಂತಕ್ಕೆ ಸರ್?” ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಹೊರಟುಬಂದೆ.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೆ ಇದೊಂದು ತಿಳಿದಿರಲಿ — ಅವನು ಹಟ ಮಾಡಲಿಲ್ಲ. ನೀವು ಕರೆಯಲೇ ಇಲ್ಲವೆಂದುಕೊಂಡು ಸತ್ತ. ಅವನ ಫೋಟೋ ಗೋಡೆಗೆ ಹಾಕು, ವಿನಯಾ.