ಚೌಡಯ್ಯನ ಕನ್ನಡಕದ ಮಂಜು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಚೌಡಯ್ಯನ ಕಲ್ಲಿನ ಶೆಡ್ಡು ಇದೆ. ಸುತ್ತಲ ಹಳ್ಳಿಗಳ ಜಮೀನಿನಲ್ಲಿ ಸಮಾಧಿ ಮೇಲೆ ನಿಲ್ಲಿಸುವ ಕಪ್ಪು ಕಲ್ಲಿಗೆ ಸತ್ತವರ ಹೆಸರು ಕೊರೆಯುವುದು ಅವನ ಕಸುಬು. ಗಿರಾಕಿ ತಪ್ಪದ ವ್ಯಾಪಾರ. ಒಬ್ಬನಿಗೆ ಎರಡನೇ ಕಲ್ಲು ಮಾರಲಾಗದು ಅನ್ನುವುದೊಂದೇ ಕೊರತೆ.

ಎಡಗಣ್ಣನ್ನು ಅವನು ಎಂದೋ ಕಲ್ಲಿನ ಚೂರಿಗೆ ಕೊಟ್ಟಿದ್ದ. ಅಂದಿನಿಂದ ಕನ್ನಡಕವಿಲ್ಲದೆ ಕೊರೆಯುವ ಯಂತ್ರ ಮುಟ್ಟಿದವನಲ್ಲ. ಕಳೆದ ವರ್ಷ ಮೈಸೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಯೊಳಗೆ ಹೋದ ಧೂಳು ಇನ್ನು ಹೊರಗೆ ಬರುವುದಿಲ್ಲ, ಮತ್ತಷ್ಟು ಹೋದರೆ ನೀನು ಉಳಿಯುವುದಿಲ್ಲ ಎಂದರು. ಹಾಗೆ ಮೂಗಿಗೆ ಮಾಸ್ಕು ಬಂತು. ಎರಡೂ ಒಳ್ಳೆಯ ಮಾಲೇ. ಒಂದೇ ಮುಖದ ಮೇಲೆ ಕೂತಾಗ ಮಾತ್ರ ಎದುರುಬದುರು ಅಂಗಡಿಗಳಂತೆ ಕಾದಾಡಿದವು. ಮಾಸ್ಕಿನೊಳಗಿನ ಉಸಿರು ಮೇಲೇರಿ ಗಾಜೆಲ್ಲ ಮಂಜಾಗುತ್ತಿತ್ತು.

ಉಪಾಯ ಹೇಳುವವರಿಗೆ ಬರವಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಗುರುಪಾದಸ್ವಾಮಿ, “ಕನ್ನಡಕಕ್ಕೆ ಬಸ್ಸಿನ ವೈಪರ್ ಆಕ್ಸ್‌ಬುಡು ಕಣ್ಲಾ,” ಎಂದ. ಯಾರೋ ಹೇಳಿದರೆಂದು ಟೂತ್‌ಪೇಸ್ಟ್ ಉಜ್ಜಿ ಒಂದು ಕನ್ನಡಕ ಗೀರಾಯಿತು. ಕೊನೆಗೆ ದಾರಿ ಕಂಡದ್ದು ಹೆಂಡತಿ ಚಿಕ್ಕತಾಯಮ್ಮನಿಗೆ. ಮಾಸ್ಕಿನ ತಂತಿಯನ್ನು ಮೂಗಿನ ಮೂಳೆಗೆ ಬಿಗಿಯಾಗಿ ಒತ್ತಿ, ಮೇಲಂಚಿಗೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಕನ್ನಡಕ ಕೂರಿಸಿದಳು. ಅದಕ್ಕೂ ಮೊದಲು ಗಾಜಿಗೆ ಸೋಪಿನ ನೀರು ಸವರಿ, ತೊಳೆಯದೆ ಹಾಗೇ ಆರಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದಳು. ಗಾಜು ತಿಳಿಯಾಗಿ ನಿಂತಿತು.

ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ಮಾತ್ರ. ಚೌಡಯ್ಯನ ಕಸುಬಿನಲ್ಲಿ ಬಾಯಿ ಮುಚ್ಚುವಂತಿರಲಿಲ್ಲ. ಒಂದೊಂದು ಅಕ್ಷರ ಕೊರೆಯುವ ಮುನ್ನ ಅದನ್ನು ಬಾಯಿಬಿಟ್ಟು ಹೇಳಬೇಕು. ಸತ್ತವರ ಮನೆಯವರು ಹೇಳಬೇಕು, ಅವರಿಲ್ಲದಿದ್ದರೆ ಕೊರೆಯುವವನು. ಹೇಳದೆ ಕೊರೆದರೆ ಅದು ಅಂಗಡಿ ಬೋರ್ಡು ಎಂದು ಅವನಪ್ಪ ಕಲಿಸಿದ್ದ. ಮನೆಯವರಿಗೆ ಪುರಸೊತ್ತು ಕಡಿಮೆ. ಇವನೇ ಹೇಳಿದರೆ ಅಂಟು ಬಿಡುತ್ತಿತ್ತು, ಗಾಜು ಮಂಜಾಗುತ್ತಿತ್ತು. ಮಂಜಿನಲ್ಲಿ ಒಂದು ಒತ್ತಕ್ಷರ ಜಾರಿದರೆ ಕಲ್ಲಿನ ಮೇಲೆ ಅಳಿಸುವ ಮಾತಿಲ್ಲ. ಆಗ ಅವನು ಮಾಸ್ಕನ್ನೇ ಗದ್ದಕ್ಕೆ ಇಳಿಸುತ್ತಿದ್ದ.

ಕಬ್ಬು ಕಡಿಯುವ ಕಾಲದಲ್ಲಿ ಕುಂತೂರಿನ ಶಿವರತ್ನಮ್ಮ ಗಂಡನ ಕಲ್ಲಿಗಾಗಿ ಬಂದು ಕೂತರು. ಮಾರನೆಯ ಬೆಳಗ್ಗೆ ಕಲ್ಲು ನಿಲ್ಲಿಸಬೇಕು. ಹೆಸರು ಹೇಳಬೇಕಿದ್ದ ಮಗ ಉದಯಕುಮಾರ್ ಟ್ರ್ಯಾಕ್ಟರಿನ ಜೊತೆ ಸಕ್ಕರೆ ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದ. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಮಲ್ಲಿಕಾರ್ಜುನಸ್ವಾಮಿ. ಹೆಸರು ಉದ್ದವಾದಷ್ಟೂ ಧೂಳು ಜಾಸ್ತಿ.

ಚೌಡಯ್ಯ ಮಾಸ್ಕಿಗೆ ಕೈ ಹಾಕಿದ.

“ಅದ ಇಳ್ಸುದ್ರೆ ಕರೆಂಟ್ ತೆಗ್ದುಬುಡ್ತೀನಿ,” ಎಂದಳು ಚಿಕ್ಕತಾಯಮ್ಮ, ಸ್ವಿಚ್ಚಿನ ಪಕ್ಕ ನಿಂತು.

“ಎಸ್ರು ಯಾರ್ ಯೋಳಾರು? ನೀನೇನ್ ಅವ್ರ ಮನೆಯೋಳಾ?”

“ನಾನಲ್ಲ. ಅವ್ವಾರು ಕೂತವ್ರಲ್ಲ.”

ಶಿವರತ್ನಮ್ಮ ಸೆರಗು ಬಿಗಿಹಿಡಿದರು. “ನಾನು ಅವ್ರ್ ಎಸ್ರ ಯೋಳಾದಾ? ಮದ್ವೆ ಚಪ್ರದಲ್ಲಿ ಎಲ್ರೂ ಕಾಡುದ್ರೂ ಬಾಯ್ ಬುಡ್ನಿಲ್ಲ ಕಣವ್ವ. ಆಸ್ಪತ್ರೇಲಿ ಬರ್ಸಾಗ್ಲೂ ಮಗನ್ನೇ ಮುಂದುಕ್ ತಳ್ದೆ.”

“ಬುಡಿ ಅವ್ವಾರೆ,” ಎಂದ ಚೌಡಯ್ಯ. “ಒಂದ್ ಎಸ್ರು ತಾನೆ, ಮುಗಿಸ್ಬುಡ್ತೀನಿ.”

“ಒಂದ್ ಎಸ್ರು, ಒಂದ್ ಎಸ್ರು ಅಂತಾನೇ ಎದೆ ತುಂಬ ಕಲ್ಪುಡಿ ತುಂಬ್ಕಂಡವ್ನೆ,” ಎಂದಳು ಚಿಕ್ಕತಾಯಮ್ಮ, ಶಿವರತ್ನಮ್ಮನ ಕಡೆ ತಿರುಗಿ.

ಚೌಡಯ್ಯ ಜವಾಬು ಕೊಡಹೋಗಿ ಕೆಮ್ಮಿದ. ಕೆಮ್ಮು ಅವನನ್ನು ಬಗ್ಗಿಸಿ ಕಲ್ಲು ಹಿಡಿಯುವಂತೆ ಮಾಡಿತು, ಬೇಗ ಬಿಡಲಿಲ್ಲ. ಶಿವರತ್ನಮ್ಮ ಅದನ್ನು ಕೊನೆಯವರೆಗೂ ನೋಡಿದರು. ಆಮೇಲೆ ಸ್ಟೂಲನ್ನು ಕಲ್ಲಿನ ಹತ್ತಿರಕ್ಕೆ ಎಳೆದುಕೊಂಡರು.

“ಮ,” ಎಂದರು, ನೆಲ ನೋಡುತ್ತಾ.

ಚೌಡಯ್ಯ ಮಾಸ್ಕಿನಿಂದ ಕೈ ತೆಗೆದ. ಚಿಕ್ಕತಾಯಮ್ಮ ತಂತಿಯನ್ನು ಮತ್ತೊಮ್ಮೆ ಒತ್ತಿ ಕೂರಿಸಿದಳು. ಯಂತ್ರ ಓಡಿತು, ನಿಂತಿತು.

“ಲ್ಲಿ.”

‘ಕಾ’ ಆಯಿತು. ಅರ್ಕಾವತ್ತಿನ ‘ರ್ಜು’ ಹತ್ತಿರ ಅವರು ತಡೆದರು. ಚೌಡಯ್ಯ ಯಂತ್ರ ಹಿಡಿದು ಕಾದ. ತಿಳಿಗಾಜಿನಲ್ಲಿ ಅವರ ತುಟಿ ಅದುರುವುದು ಕಾಣುತ್ತಿತ್ತು. ಅವನು ಅವಸರ ಮಾಡಲಿಲ್ಲ. ಅಕ್ಷರ ಬಂತು. ಅದರ ಹಿಂದೆ ಉಳಿದವೂ ಬಂದವು.

ಮುಗಿದ ಮೇಲೆ ಶಿವರತ್ನಮ್ಮ ಸೆರಗಿನಿಂದ ಪುಡಿ ಒರೆಸಲು ಬಗ್ಗಿದರು. ಧೂಳು ಏಳುತ್ತದೆಂದು ಚೌಡಯ್ಯ ಒದ್ದೆ ಬಟ್ಟೆ ಕೊಟ್ಟ. ಅವರು ನಿಧಾನಕ್ಕೆ ಒರೆಸಿ, ಗಂಡನ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿದರು. ಓದಿ ಎಂದು ಯಾರೂ ಕೇಳಿರಲಿಲ್ಲ.