ದಂಡಕಾರಣ್ಯದ ತೆಂಗಿನಮರ

ನಮ್ಮೂರಿನ ಶಂಭುಲಿಂಗಯ್ಯನವರನ್ನು ಕಂಡವರೆಲ್ಲ ಕೊಬ್ಬರಿ ವಿಷಯವನ್ನೇ ಮಾತಾಡುತ್ತಾರೆ. ಅವರಿಗೋ, ಯಾರಾದರೂ ಬಣ್ಣದ ಬಗ್ಗೆ ಕೇಳಲಿ ಎಂಬ ಆಸೆ. ಕೇಳುವವರು ಯಾರು? ತುರುವೇಕೆರೆ ಸೀಮೆಯಲ್ಲಿ ಹುಟ್ಟಿ ತೋಟ ಇಟ್ಟುಕೊಂಡವನ ಕೈಗೆ ಬ್ರಷ್ಷು ಒಪ್ಪುವುದಿಲ್ಲ ಎಂದು ನಮ್ಮ ಜನ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಅದಕ್ಕೆ ಕಾರಣ ಒಂದು ನಾಟಕದ ಪರದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಶಂಭುಲಿಂಗಯ್ಯ ಊರಿನ ರಾಮಾಯಣ ನಾಟಕಕ್ಕೆ ಕಾಡಿನ ಪರದೆ ಬರೆದುಕೊಟ್ಟರು. ಬಿಚ್ಚಿದರೆ ದಂಡಕಾರಣ್ಯದ ತುಂಬ ತೆಂಗಿನಮರ, ಮರದ ತುಂಬ ಗೊನೆ. ಪಾಪ, ಮರಗಳು ಒತ್ತಾಗಿ ನಿಂತದ್ದನ್ನು ಅವರು ನೋಡಿದ್ದು ತೋಟದಲ್ಲಿ ಮಾತ್ರ. "ರಾಮಣ್ಣ, ಒಂದ್ ಎಳನೀರು ಕೆಡವಪ್ಪೋ" ಎಂದು ಯಾರೋ ಕೂಗಿದರು. ರಾಮನ ಪಾತ್ರದಲ್ಲಿದ್ದ ಗೆಳೆಯ ಬೋರಯ್ಯನವರೇ ನಗು ತಡೆಯಲಾರದೆ ಬಿಲ್ಲು ಕೆಳಗಿಟ್ಟರು. ಪರದೆಯನ್ನು ಅರ್ಧದಲ್ಲೇ ಇಳಿಸಿದರು. ಮರುದಿನ ಶಂಭುಲಿಂಗಯ್ಯನವರ ಅಪ್ಪ ಅದನ್ನು ಅಂಗಳದಲ್ಲಿ ಹಾಸಿ ಮೇಲೆ ಕೊಬ್ಬರಿ ಹರವಿದರು.

ಅಲ್ಲಿಂದ ಬ್ರಷ್ಷು ಮುಟ್ಟಲಿಲ್ಲ. ಮದುವೆ, ಮಕ್ಕಳು, ತೋಟ ಅಂತ ಕಾಲ ಕಳೆಯಿತು. ಆಸೆ ಮಾತ್ರ ಹೋಗಲಿಲ್ಲ. ಕಾಯಿ ಸುಲಿಯುವವರ ಪಕ್ಕ ಕೂತು ಕಡ್ಡಿಯಿಂದ ಧೂಳಿನಲ್ಲಿ ಏನೋ ಗೀಚುತ್ತಿದ್ದರು, ಯಾರಾದರೂ ಬಂದರೆ ಕಾಲಲ್ಲಿ ಅಳಿಸುತ್ತಿದ್ದರು. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿಯಲ್ಲಿ ಬಸ್ಸಿನವರೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದರೆ ಇವರೊಬ್ಬರು ಕಿಟಕಿಗೆ ಮುಖ ಕೊಟ್ಟು ಮರ ನೋಡುತ್ತಿದ್ದರು. ಕಾಡು ಅಂದರೆ ಹೀಗಾ ಎಂದು ಹೊಟ್ಟೆ ಉರಿಯಿತಂತೆ.

ಹೋದ ವರ್ಷ ಹೈವೇ ಅಗಲ ಮಾಡುವಾಗ ಅವರ ತೋಟದ ಒಂದು ಅಂಚು ಹೋಯಿತು. ಅಲ್ಲಿದ್ದ ಬಾವಿ ಮುಚ್ಚಿದರು. ಬಾವಿಯ ಮೇಲೆ ಬಾಗಿದ್ದ ಡೊಂಕು ತೆಂಗಿನಮರವನ್ನೂ ಕಡಿದರು. ಅದರ ನೆರಳಲ್ಲೇ ಅವರವ್ವ ಬಟ್ಟೆ ಒಗೆಯುತ್ತಿದ್ದದ್ದು. ಆಮೇಲೆ ಸ್ವಲ್ಪ ದಿನಕ್ಕೆ ಶಂಭುಲಿಂಗಯ್ಯ ತಿಪಟೂರಿನಿಂದ ಬಟ್ಟೆ, ಬಣ್ಣ ತಂದು ಕೊಬ್ಬರಿ ಅಟ್ಟದ ಕೆಳಗೆ ಕೂತೇಬಿಟ್ಟರು.

"ಈ ವಯಸ್ನಾಗೆ ಯಾಕ್ರೀ ಇದೆಲ್ಲ?" ಎಂದರು ಹೆಂಡತಿ ಗಂಗಕ್ಕ.

"ಕೈ ಸುಮ್ಕಿರಲ್ಲ ಕಣೇ. ಒಂದ್ ಸಲ, ನಾಟ್ಕ ಮುಗಿಯೋಗಂಟ ನನ್ ಪರ್ದೆ ನಿಲ್ಬೇಕು. ಅಷ್ಟೇಯ."

ಈ ಸಲ ಸರಿಯಾದ ಕಾಡೇ ಬಂತು. ಬಳ್ಳಿ ಸುತ್ತಿಕೊಂಡ ಮರಗಳು, ಬಿದಿರ ಮೆಳೆ, ನಡುನಡುವೆ ಕತ್ತಲು. ಆದರೂ ಅವರಿಗೆ ಸಮಾಧಾನವಿಲ್ಲ. ಬಲಗಡೆ ಅಂಚಿನಲ್ಲಿ ಸ್ವಲ್ಪ ಖಾಲಿ ಜಾಗ ಉಳಿದಿತ್ತು. ಅದರ ಮುಂದೆ ಕೂತು ಕೂತು, ಕೊನೆಗೆ ಅಲ್ಲಿ ಆ ಡೊಂಕು ತೆಂಗಿನಮರವನ್ನು ಬರೆದರು.

ಗಂಗಕ್ಕ ಹಣೆ ಚಚ್ಚಿಕೊಂಡರು. "ತಿರ್ಗಾ ನಗ್ತಾರೆ ಕಣ್ರೀ."

"ನಗ್ಲಿ ಬುಡು."

ಹಾಗೆಂದರೇ ಹೊರತು ಅವತ್ತು ಅವರಿಗೆ ಊಟ ಸೇರಲಿಲ್ಲ.

ಬೋರಯ್ಯ ಈಗ ಊರಿಗೆಲ್ಲ ನಾಟಕದ ಮೇಷ್ಟ್ರು, ಹಾರ್ಮೋನಿಯಂ ಅವರದೇ. ಈ ವರ್ಷದ ರಾಮಾಯಣದ ತಾಲೀಮಿನ ದಿನ ಪರದೆ ಬಿಚ್ಚಿಸಿದರು. ಹೊಸ ರಾಮ ತೆಂಗಿನಮರ ಕಂಡು ತುಟಿ ಕಚ್ಚಿಕೊಂಡ. ಶಂಭುಲಿಂಗಯ್ಯ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತ ನಿಂತರು. ಬೋರಯ್ಯ ಎದ್ದು ಪರದೆಯ ಹತ್ತಿರ ಹೋಗಿ ಮರದ ಬೊಡ್ಡೆಯ ಮೇಲೆ ಕೈಯಿಟ್ಟರು. ಚಿಕ್ಕಂದಿನಲ್ಲಿ ಇಬ್ಬರೂ ಬಾವಿಗೆ ಹಾರುತ್ತಿದ್ದದ್ದು ಆ ಮರದಿಂದಲೇ.

"ಲೇ ಶಂಭು, ಇದು ಬಾವಿ ತಾವಿದ್ದ ಮರ ಕಣ್ಲಾ."

"ಹೂಂ."

ಬೋರಯ್ಯ ಹುಡುಗರ ಕಡೆ ತಿರುಗಿದರು. "ರಾಮನ್ನ ಇದ್ರ ಬುಡ್ದಾಗೆ ನಿಲ್ಸಿ. ಈ ಪರ್ದೆ ಯಾರೂ ಇಳುಸ್ಬ್ಯಾಡಿ."

ಆಮೇಲೆ ಮರ ಬಾಗಿದ್ದ ಕಡೆ ನೋಡಿದರು. ಪರದೆ ಅಲ್ಲಿಗೇ ಮುಗಿದಿತ್ತು.

"ಬಾವಿ ಎಲ್ಲೋ?"

"ಬಟ್ಟೆ ಸಾಲ್ಲಿಲ್ಲ ಕಣ್ಲಾ" ಎಂದರು ಶಂಭುಲಿಂಗಯ್ಯ.

ಬೋರಯ್ಯ ಹಾರ್ಮೋನಿಯಂ ಮುಂದೆ ಹೋಗಿ ಕೂತರು.

"ಇನ್ನೊಂದ್ ತುಂಡು ಹೊಲ್ಸನ ಬುಡು" ಎಂದರು. "ನಾವಿಬ್ರೂ ಇರೋವಾಗ್ಲೇ ಬರ್ದ್ಬುಡು."