ಮೇದಪ್ಪನ ದ್ವೀಪಕ್ಕೆ ಬಂದ ತೆರೆ

ಕಡಬದ ಜೀಪ್ ಸ್ಟ್ಯಾಂಡಿನಲ್ಲಿ ದೇವರು ಯಾರೆಂದು ಕೇಳಿದರೆ ಕೊಂಬಾರು ರೂಟಿನ ಮೇದಪ್ಪನನ್ನು ತೋರಿಸುತ್ತಾರೆ. ಗಡ್ಡ ಬಿಟ್ಟಿಲ್ಲ, ಕಾವಿ ಉಟ್ಟಿಲ್ಲ. ಖಾಕಿ ಅಂಗಿ, ಎದೆಯ ಕಿಸೆಯಲ್ಲಿ ಮೂಲೆ ಒಡೆದ ಫೋನು. ಅವನು ದೇವರಾಗಿರುವುದು ಆ ಫೋನಿನೊಳಗೆ.

ಅವನ ಜೀಪು ಹೊರಡುವುದು ಗಂಟೆ ನೋಡಿ ಅಲ್ಲ, ಜನ ನೋಡಿ. ತುಂಬುವವರೆಗೆ ಸೀಟಿನಲ್ಲಿ ಕೂತು ಆಕಳಿಸುತ್ತಿದ್ದವನಿಗೆ ಒಂದು ಆಟ ಡೌನ್‌ಲೋಡ್ ಮಾಡಿಕೊಳ್ಳಲು ಹೇಳಿದವನು ನಾನೇ. ಸಮುದ್ರದ ನಡುವೆ ದ್ವೀಪ, ಅದರ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಜನ. ಆಡುವವನು ಅವರ ದೇವರು. ಬೆರಳಿಟ್ಟು ಎಳೆದರೆ ಮಣ್ಣೆದ್ದು ಗುಡ್ಡೆಯಾಗುತ್ತದೆ, ಒತ್ತಿದರೆ ಹೊಳೆ ಹರಿಯುತ್ತದೆ. ನೋಡಲು ಬಹಳ ಚಂದ. ಜಾಹೀರಾತಿನ ಕಾಟವಿಲ್ಲ, ನೆಟ್‌ವರ್ಕ್ ಸಿಗದ ಕಡೆಯೂ ನಡೆಯುತ್ತದೆ. ಆದರೆ ಅಕ್ಷರ ಎಷ್ಟು ಸಣ್ಣದೆಂದರೆ ಐವತ್ತು ದಾಟಿದ ದೇವರಿಗೆ ಕನ್ನಡಕ ಬೇಕು. ನಡುವೆ ನಿಲ್ಲಿಸುವ ಗುಂಡಿಯಿಲ್ಲ. ಒಮ್ಮೆ ಮುಳುಗಿದ ಊರು ಮುಳುಗಿತು, ಮರಳಿ ಪಡೆಯುವ ದಾರಿಯಿಲ್ಲ. ಜನಕ್ಕೆ ಬುದ್ಧಿಯೂ ಕಡಿಮೆ, ಬೆಂಕಿ ಬಿದ್ದ ಗುಡಿಸಲಿನೊಳಗೇ ಮಲಗಲು ಹೋಗುತ್ತಾರೆ. ನನ್ನ ದ್ವೀಪದವರು ಎರಡನೇ ಸಂಜೆಯೊಳಗೆ ತೀರಿಕೊಂಡರು.

ಮೇದಪ್ಪನ ಕೈಗುಣ ಹಾಗಲ್ಲ. ಬಾಣಂತಿಯನ್ನೂ ಹಿಂಡಿಯ ಚೀಲವನ್ನೂ ಒಂದೇ ಜೋಪಾನದಲ್ಲಿ ಇಳಿಸಿಕೊಡುವ ಮನುಷ್ಯ. ಇಡೀ ಮಳೆಗಾಲ ಸಾಕಿ ಸಲಹಿ ದ್ವೀಪವನ್ನು ಊರು ಮಾಡಿದ. ಊರವರು ಸಂತೋಷಪಟ್ಟು ಎತ್ತರದ ಕಟ್ಟೆಯ ಮೇಲೆ ಅವನಿಗೊಂದು ಗುಡಿ ಕಟ್ಟಿದರು. ಅದನ್ನು ಹೆಂಡತಿ ಸೇವಂತಿಗೆ ತೋರಿಸಿದರೆ, "ಅಲ್ಲಿ ದೇವರು, ಇಲ್ಲಿ ತೆಂಗಿನಕಾಯಿ ಸುಲಿಲಿಕ್ಕೆ ಜನ ಇಲ್ಲ" ಎಂದಳಂತೆ.

ಮೊನ್ನೆ ಶನಿವಾರ ಮಧ್ಯಾಹ್ನ ಜೀಪು ತುಂಬಿತ್ತು. ಮುಂದೆ ನಾನು, ಹಿಂದೆ ಮೀನಿನ ಚೀಲ ಹಿಡಿದ ಕದೀಜಮ್ಮ, ರಬ್ಬರ್ ಟ್ಯಾಪಿಂಗಿನ ಕುಕ್ಕಪ್ಪ, ಇನ್ನಷ್ಟು ಜನ. ಆದರೂ ಮೇದಪ್ಪ ಕೀಲಿ ತಿರುಗಿಸಲಿಲ್ಲ. ಫೋನಿನಿಂದ ಡೋಲಿನ ಸದ್ದು ಬರುತ್ತಿತ್ತು. ದ್ವೀಪದ ಕಡೆಗೆ ದೊಡ್ಡ ತೆರೆ ಬರುತ್ತಿದೆಯೆಂಬ ಸೂಚನೆ ಅದು.

"ಹೋಯ್ತು ಮಾಸ್ಟ್ರೆ. ನನ್ನ ಜನ ಹೋಯ್ತು!" ಎಂದ. ಮುಖ ಬಿಳುಚಿತ್ತು. ನಗೋಣವೆಂದುಕೊಂಡೆ, ಆಗಲಿಲ್ಲ.

"ಫೋನ್ ಬಂದ್ ಮಾಡಿ ಹೊರಡು ಮಾರಾಯ," ಎಂದ ಕುಕ್ಕಪ್ಪ.

"ಬಂದ್ ಮಾಡಿದ್ರೂ ನೀರು ಬರ್ತದೆ. ನಿಲ್ಲಿಸ್ಲಿಕ್ಕೆ ಇಲ್ಲ ಇದ್ರಲ್ಲಿ!"

ಸಿಕ್ಕಿದ ಮಣ್ಣನ್ನೆಲ್ಲ ಎಳೆದು ಮೇದಪ್ಪ ಒಂದು ಗುಡ್ಡೆ ಎಬ್ಬಿಸಿದ. ಜನ ಓಡಿ ಹತ್ತಿದರು. ಅರ್ಧ ಊರು ಹತ್ತುವಷ್ಟರಲ್ಲಿ ಗುಡ್ಡೆ ತುಂಬಿತು. ಉಳಿದವರು ಬುಡದಲ್ಲೇ ಸುತ್ತು ಹಾಕತೊಡಗಿದರು.

"ಸ್ವಲ್ಪ ಒಳಗೆ ಸರೀರಿ! ಅಡ್ಜಸ್ಟ್ ಮಾಡಿ! ಜಾಗ ಉಂಟು!" ಎಂದು ಮೇದಪ್ಪ ಫೋನಿಗೆ ಕೂಗಿದ. ದ್ವೀಪದವರು ಕದಲಲಿಲ್ಲ. ಜೀಪಿನ ಹಿಂದಿನ ಸೀಟಿನವರು ಮಾತ್ರ ಅಭ್ಯಾಸಬಲದಿಂದ ಒಂದು ಗೇಣು ಸರಿದರು.

ಕದೀಜಮ್ಮ ಅವನ ಹೆಗಲ ಮೇಲಿಂದ ಇಣುಕಿದರು. "ನಿನ್ನ ಜೀಪಾದ್ರೆ ಹಿಂದೆ ನೇತಾಡ್ಬಹುದು. ಅವರಿಗೆ ಹಿಡಿಲಿಕ್ಕೆ ಕಂಬಿ ಉಂಟಾ? ಇನ್ನೊಂದು ಗುಡ್ಡೆ ಮಾಡು."

"ಮಣ್ಣು ಎಲ್ಲಿಂದ ತರುದು?"

"ಅಗೋ, ಅಷ್ಟು ದೊಡ್ಡ ಕಟ್ಟೆ ಉಂಟಲ್ಲ."

"ಅದು ಗುಡಿ, ಕದೀಜಮ್ಮ!"

ಮೇದಪ್ಪನ ಬೆರಳು ಗಾಳಿಯಲ್ಲೇ ನಿಂತಿತು. ನಮ್ಮ ಕಡೆ ಗುಡಿಯ ಒಂದು ಕಲ್ಲು ಅಲುಗಿಸಬೇಕಾದರೂ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಟ್ಟು ದೇವರ ಒಪ್ಪಿಗೆ ತಿಳಿಯಬೇಕು. ಆ ಭಯ ಬೆರಳಿನ ತುದಿಗೂ ಇಳಿದಿರುತ್ತದೆ.

"ಪ್ರಶ್ನೆ ಇಡದೆ ಹೇಗೆ ಮುಟ್ಟುದು ಮಾಸ್ಟ್ರೆ?"

"ಹೌದು, ಅದೊಂದು ಉಂಟು," ಎಂದೆ ನಾನು ಗಂಭೀರವಾಗಿ. ಜೋಯಿಸರ ನಂಬರ್ ಹುಡುಕಲು ಕಿಸೆಗೆ ಕೈಯನ್ನೂ ಹಾಕಿದೆ.

ಕುಕ್ಕಪ್ಪನಿಗೆ ತಾಳ್ಮೆ ತಪ್ಪಿತು. "ಯಾರತ್ರ ಕೇಳುದು ಮಾರಾಯ? ಅಲ್ಲಿಯ ದೇವರು ನೀನೇ ಅಲ್ವಾ? ಒಪ್ಪಿಗೆ ಉಂಟಾ ಇಲ್ವಾ, ಬೇಗ ಹೇಳು!"

ಮೇದಪ್ಪ ಕಣ್ಣು ಮುಚ್ಚಿದ. ತನ್ನನ್ನೇ ಕೇಳಿಕೊಂಡಿರಬೇಕು.

"ಉಂಟು," ಎಂದ.

ಬೆರಳೆಳೆದ. ಗುಡಿ ಕುಸಿಯಿತು, ಕಟ್ಟೆಯ ಮಣ್ಣು ಎರಡನೆಯ ಗುಡ್ಡೆಯಾಯಿತು. ಕೊನೆಯ ಅಕ್ಕಿಕಾಳು ಹತ್ತಿತೋ ಇಲ್ಲವೋ, ತೆರೆ ಬಂದು ಎರಡೂ ಗುಡ್ಡೆಗಳ ಸೊಂಟಕ್ಕೆ ಬಡಿದು ಹಿಂದೆ ಸರಿಯಿತು.

ಜೀಪಿನೊಳಗೆ ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರಿಗೆ ಮುಂದಿನ ಗಾಜು ಮಸುಕಾಯಿತು. ಕದೀಜಮ್ಮ ತಲೆಯ ಶಾಲಿನಿಂದ ಮುಖ ಒರೆಸಿಕೊಂಡು, "ಇನ್ನು ನಮ್ಮನ್ನು ಮನೆಗೆ ಮುಟ್ಟಿಸು. ಮೀನು ಹಾಳಾಗ್ತದೆ," ಎಂದರು.

ದ್ವೀಪದಲ್ಲಿ ಬದುಕಿ ಉಳಿದವರು ಕೆಳಗಿಳಿದು, ಬಿದ್ದ ಮನೆಗಳತ್ತ ತಿರುಗಿಯೂ ನೋಡದೆ ಗುಡಿ ಕಟ್ಟಲು ಹೊರಟರು. "ಮೊದಲು ಮನೆ ಕಟ್ಟಿ ಮಾರಾಯ್ರೆ!" ಎಂದು ದೇವರು ಬೈದ. ಯಾರೂ ಕೇಳಲಿಲ್ಲ. ಆ ಜನಕ್ಕೆ ಬುದ್ಧಿ ಕಡಿಮೆಯೆಂದು ಆಗಲೇ ಹೇಳಿದೆನಲ್ಲ.

ಫೋನು ಕಿಸೆ ಸೇರಿತು, ಜೀಪು ಹೊರಟಿತು. ದಾರಿಯುದ್ದಕ್ಕೂ ಮೇದಪ್ಪ ಸಿಳ್ಳೆ ಹಾಕುತ್ತಿದ್ದ. ನಾನು ಇಳಿಯುವಾಗ ಕೇಳಿದ: "ನಿಮ್ಮ ದ್ವೀಪ ಎಂತಾಯ್ತು ಮಾಸ್ಟ್ರೆ? ಪುನಃ ಶುರು ಮಾಡಿದ್ರಾ?"

"ಇಲ್ಲ ಮಾರಾಯ. ಆಟವನ್ನೇ ಫೋನಿನಿಂದ ತೆಗೆದು ಹಾಕಿದೆ."

"ಅಬ್ಬ!" ಎಂದು ಅವನು ಗೇರು ಹಾಕಿದ. "ಒಳ್ಳೇದಾಯ್ತು. ಮುಂದಿನ ದ್ವೀಪದ ಜನ ಬದುಕಿದ್ರು."